ಗೆರೆಯ ಮೇಲೆ ಚೌಕಳಿ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದವರು. ಊಟದ ಮಾತು ಹೆಂಗಸರ ಮಟ್ಟಿಗೆ ಎಷ್ಟು ನಿಜ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಮನೆಮಂದಿಯ ಇಚ್ಛೆಯ ಊಟವೆಲ್ಲ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದೇ ನಮ್ಮ ಇಚ್ಛೆಯಾಗುವ ದಿನಗಳು ಎಷ್ಟಿಲ್ಲ! ನನ್ನನ್ನು ಕಾಡುವುದು ಗಾದೆಯ ಎರಡನೆಯ ಅರ್ಧ. ಉಡುವ ಬಟ್ಟೆ ನಾಲ್ಕು ಜನ ಮೆಚ್ಚುವಂತಿರಬೇಕು, ಒಪ್ಪಿದೆ. ಆದರೆ ಆ ನಾಲ್ಕು ಜನ ಯಾರು? ಅವರಿಗೆ ಆ ಇಚ್ಛೆ ಎಲ್ಲಿಂದ ಬಂತು? ಅವರ ಇಚ್ಛೆಯಂತೆ ಉಡಲಾರದವನನ್ನು ನೋಡಿ ನಗುವ ಹಕ್ಕನ್ನೂ ಗಾದೆ ಅವರಿಗೆ ಬರೆದುಕೊಟ್ಟಿದೆಯೇ?

ಪ್ರಶ್ನೆ ದೊಡ್ಡದಾಗಿ ಕಂಡೀತು. ಅದು ಹುಟ್ಟಿದ್ದು ಮಾತ್ರ ತೀರ ಸಣ್ಣ ಸಂಗತಿಯಿಂದ. ಗೆರೆಯ ಅಂಗಿಯ ಜೊತೆಗೆ ಚೌಕಳಿ ಪ್ಯಾಂಟು ಹಾಕಬಾರದು, ಚೌಕಳಿ ಅಂಗಿಯ ಮೇಲೆ ಹೂವಿನ ಸ್ವೆಟರ್ ತೊಡಬಾರದು ಎಂದು ಗಂಡಸರ ಉಡುಪಿಗೆ ಒಂದು ಕಟ್ಟಳೆ ಇದೆಯಲ್ಲ, ಅದರಿಂದ. ಈ ಕಟ್ಟಳೆಯನ್ನು ಯಾವ ಪುಸ್ತಕದಲ್ಲೂ ಓದಿ ಕಲಿತವರಲ್ಲ ನಾವು. ಆದರೂ ಮದುವೆಯ ಮಂಟಪದಲ್ಲಿ ಅಂಥವನೊಬ್ಬ ಕಣ್ಣಿಗೆ ಬಿದ್ದರೆ ಸಾಕು, ನಮ್ಮ ನಮ್ಮಲ್ಲೇ ಮೊಣಕೈ ತಿವಿದುಕೊಳ್ಳುತ್ತೇವೆ.

ವಿಚಿತ್ರವೆಂದರೆ, ಆ ತಿವಿತ ಕೊನೆಗೆ ಮುಟ್ಟುವುದು ಅವನಿಗಲ್ಲ. 'ಪಾಪ, ಮನೆಯಲ್ಲಿ ನೋಡುವವರು ಇಲ್ಲವೇನೋ' ಎಂದು ಒಬ್ಬರು ಹೇಳುತ್ತಾರೆ. 'ಇದ್ದಾರಲ್ಲ, ಅಗೋ ಅಲ್ಲಿ, ಮೂರನೆಯ ಸಾಲಿನಲ್ಲಿ' ಎಂದು ಇನ್ನೊಬ್ಬರು. ಅಲ್ಲಿಗೆ ಮೂರನೆಯ ಸಾಲಿನ ಹೆಂಗಸಿನ ಮೇಲೆ ತೀರ್ಪು ಆಗಿಹೋಯಿತು. ಗಂಡಸಿನ ಅಂಗಿ ಇಸ್ತ್ರಿಯಾಗಿದ್ದರೆ ಅವನು ಶಿಸ್ತಿನ ಮನುಷ್ಯ. ಸುಕ್ಕಾಗಿದ್ದರೆ ಅವನ ಹೆಂಡತಿ ಸೋಮಾರಿ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂದು ಇಂಥ ಲೆಕ್ಕ ಬರೆಯುವ ಅಂಗಡಿ ಬೇರೆಲ್ಲಿಯೂ ಇರಲಾರದು.

ನಮ್ಮ ಬೀದಿಯ ಒಬ್ಬರು ಮೂವತ್ತೆರಡು ವರ್ಷ ಗಂಡನ ಬಟ್ಟೆಯನ್ನು ಜೋಡಿಸಿ ಮಂಚದ ಮೇಲೆ ಇಟ್ಟವರು. ಅವರು ನಿವೃತ್ತರಾದ ಮೇಲೆ, ಇನ್ನು ತಮ್ಮ ಬಟ್ಟೆ ತಾವೇ ಆರಿಸಿಕೊಳ್ಳುತ್ತೇವೆ ಎಂದರಂತೆ. ಒಳ್ಳೆಯದೇ ಆಯಿತಲ್ಲ ಎಂದು ನಾನು ಹೇಳಿದರೆ ಆಕೆಯ ಕಣ್ಣಲ್ಲಿ ನೀರು. 'ಒಳ್ಳೆಯದೇನು ಬಂತು ಮೇಡಂ, ನಿನ್ನೆ ಗೆರೆ ಅಂಗಿ ಹಾಕಿ, ಚೌಕಳಿ ಲುಂಗಿ ಉಟ್ಟು ಬ್ಯಾಂಕಿಗೆ ಹೋಗಿ ಬಂದರು. ಜನ ನನ್ನನ್ನಲ್ಲವೇ ಅನ್ನುವುದು?' ಪಿಂಚಣಿ ಕೊಟ್ಟರೋ ಇಲ್ಲವೋ ಎಂದು ಕೇಳಿದೆ. ಕೊಟ್ಟರಂತೆ. ಒಂದು ರೂಪಾಯಿಯನ್ನೂ ಹಿಡಿದಿರಲಿಲ್ಲ. ಆಕೆ ಕಣ್ಣೊರಸಿಕೊಂಡು ನಕ್ಕರು. ಆದರೆ ಆ ಕಣ್ಣೀರು ನನಗೆ ಹಗುರವಾಗಿ ಕಾಣಲಿಲ್ಲ. ಮೂವತ್ತೆರಡು ವರ್ಷ ಆಕೆ ಮಂಚದ ಮೇಲೆ ಇಟ್ಟದ್ದು ಗಂಡನ ಬಟ್ಟೆಯ ಜೊತೆಗೆ ತನ್ನ ಮಾನವನ್ನೂ ಅಲ್ಲವೇ?

ಹಾಗಾದರೆ ಈ ಹೊಂದಿಕೆ ಎನ್ನುವುದು ಬಟ್ಟೆಯಲ್ಲಿ ಇದೆಯೇ? ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ನಾನು ಹುನಗುಂದದ ಕಡೆ ಇದ್ದೆ. ಇಳಕಲ್ಲು ಅಲ್ಲಿಂದ ಹತ್ತಿರ. ರಜೆಯ ದಿನ ಕೈಮಗ್ಗದ ಮುಂದೆ ಕುಳಿತು ನೋಡುವುದು ಒಂದು ಹುಚ್ಚಾಗಿತ್ತು. ಹಾಸಿನಲ್ಲಿ ನಡುನಡುವೆ ಬಣ್ಣದ ಎಳೆ ಹೂಡಿಬಿಟ್ಟರೆ ಉದ್ದಕ್ಕೂ ಗೆರೆ ಬರುತ್ತದೆ; ನೇಯುವವನು ಮತ್ತೇನೂ ಮಾಡಬೇಕಿಲ್ಲ, ಒಂದೇ ಬಣ್ಣದ ಲಾಳಿ ಹೊಡೆಯುತ್ತಾ ಹೋದರಾಯಿತು. ಚೌಕಳಿ ಬೇಕೆಂದರೆ ಹೊಕ್ಕಿನಲ್ಲೂ ಬಣ್ಣ ಬದಲಾಗಬೇಕು. ಇಷ್ಟು ಎಳೆ ಕೆಂಪು, ಇಷ್ಟು ಎಳೆ ಕಪ್ಪು ಎಂದು ಎಣಿಸಿ ಲಾಳಿ ಬದಲಿಸುತ್ತಿರಬೇಕು. ಉದ್ದದ ಗೆರೆಯನ್ನು ಅಡ್ಡಗೆರೆ ದಾಟಿದಾಗ ಹುಟ್ಟುವುದೇ ಚೌಕಳಿ. ಅಂದರೆ ಚೌಕಳಿ ಗೆರೆಯ ಮನೆಯ ಮಗಳೇ. ತಾಯಿ ಮಗಳನ್ನು ಒಟ್ಟಿಗೆ ನಿಲ್ಲಿಸಬಾರದು ಎನ್ನುವ ನಮ್ಮ ಕಟ್ಟಳೆಯನ್ನು ಕೇಳಿದರೆ ಮಗ್ಗ ಏನೆಂದುಕೊಳ್ಳುತ್ತದೋ!

ದರ್ಜಿಯನ್ನು ಕೇಳಿದರೆ ಅವನು ಇನ್ನೂ ಸರಳವಾಗಿ ಹೇಳುತ್ತಾನೆ. ಚೌಕಳಿ ಬಟ್ಟೆಗೆ ಅವನು ಯಾವಾಗಲೂ ಸ್ವಲ್ಪ ಹೆಚ್ಚು ಬಟ್ಟೆ ಕೇಳುವುದು ನಿಮಗೆ ಗೊತ್ತೇ ಇದೆ. ಎದೆಯ ಎರಡು ಭಾಗ ಕೂಡುವಲ್ಲಿ, ಜೇಬು ಕೂರುವಲ್ಲಿ ಗೆರೆಗೆ ಗೆರೆ ಸೇರಬೇಕು. ಅದಕ್ಕೆ ಬಟ್ಟೆಯನ್ನು ಮೇಲೆ ಕೆಳಗೆ ಸರಿಸಿ ಕತ್ತರಿಸಬೇಕಾಗುತ್ತದೆ. ಬಟ್ಟೆ ಸಾಲದಿದ್ದರೆ ಜೇಬನ್ನು ಓರೆಯಾಗಿ ಕತ್ತರಿಸಿ ಹಾಕಿಬಿಡುತ್ತಾನೆ. ಆಗ ಗೆರೆ ಸೇರದಿದ್ದರೂ, ಬೇಕೆಂದೇ ಹಾಗೆ ಮಾಡಿದ್ದು ಎನಿಸುತ್ತದೆ. ಒಂದೇ ಅಳತೆಯ ಎರಡು ಗೆರೆಗಳು ಅಕ್ಕಪಕ್ಕ ಬಂದರೆ ಕಣ್ಣು ತಬ್ಬಿಬ್ಬಾಗುತ್ತದೆ. ಒಂದು ದೊಡ್ಡದು, ಒಂದು ಸಣ್ಣದು ಇದ್ದರೆ, ಎರಡರಲ್ಲೂ ಒಂದು ಬಣ್ಣ ಸಮಾನವಾಗಿದ್ದರೆ, ಕಣ್ಣು ತಕರಾರು ಮಾಡುವುದಿಲ್ಲ. ಕೂದಲೆಳೆಯಂಥ ಗೆರೆಯ ಅಂಗಿಯ ಮೇಲೆ ಅಗಲ ಚೌಕಳಿಯ ಕೋಟು ಸೊಗಸಾಗಿಯೇ ಕೂರುತ್ತದೆ. ಹೊಂದಿಕೆಯ ಶಾಸ್ತ್ರ ಎಂದರೆ ಇಷ್ಟೇ. ಕಣ್ಣಿಗೆ ಆಗುವ ಆಯಾಸದ ಲೆಕ್ಕ ಇದು. ಇದರಲ್ಲಿ ಮನುಷ್ಯನ ಸಂಸ್ಕಾರವನ್ನಾಗಲಿ ಅವನ ಹೆಂಡತಿಯ ಶ್ರದ್ಧೆಯನ್ನಾಗಲಿ ಅಳೆಯಲು ಟೇಪು ಇಲ್ಲ.

ನಮ್ಮನ್ನೇ ನೋಡಿಕೊಳ್ಳೋಣ. ಇಳಕಲ್ಲ ಸೀರೆಯ ಒಡಲಿನಲ್ಲಿ ಗೆರೆಯೋ ಚೌಕಳಿಯೋ ಇರುತ್ತದೆ. ದಡಿಯಲ್ಲಿ ಗೋಮಿಯ ಸಾಲು. ಸೆರಗಿಗೆ ಬಂದರೆ ಕೆಂಪು ಬಿಳಿಯ ಟೋಪ್‌ತೆನಿ. ಸೆರಗಿನ ಹಾಸು ಒಡಲಿನ ಹಾಸಿಗಿಂತ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿರುತ್ತಾರೆ. ಇದರ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ಅದರಲ್ಲಿ ಮೈತುಂಬ ಸಣ್ಣ ಸಣ್ಣ ಚಿತ್ತಾರ. ಎಣಿಸಿದರೆ ಒಬ್ಬ ಹೆಣ್ಣುಮಗಳ ಮೈಮೇಲೆ ನಾಲ್ಕು ವಿನ್ಯಾಸಗಳಾದವು. ಸಂತೆಯಲ್ಲಿ ಆಕೆ ಎದುರಿಗೆ ಬಂದರೆ 'ಎಷ್ಟು ಲಕ್ಷಣವಾಗಿದ್ದಾಳೆ' ಎನ್ನುತ್ತೇವೆಯೇ ಹೊರತು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಯಾರೂ ಮೂಗು ಮುರಿಯುವುದಿಲ್ಲ. ಆಕೆಯ ಪಕ್ಕದಲ್ಲಿ ನಡೆದ ಗಂಡ ಎರಡು ವಿನ್ಯಾಸ ತೊಟ್ಟರೆ ಯಾಕೆ ಅಪಹಾಸ್ಯ?

ಗಂಡಸರು ಎಂದೆಂದೂ ಬೋಳು ಬಟ್ಟೆಯವರಾಗಿದ್ದರು ಎಂದೇನೂ ಇಲ್ಲ. ಟಿಪ್ಪು ಸುಲ್ತಾನನ ಸೈನಿಕರು ಹುಲಿಪಟ್ಟೆಯ ಅಂಗಿ ತೊಟ್ಟು ಯುದ್ಧಕ್ಕೆ ಹೋದವರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಅರ್ಜುನನೋ ಸುಧನ್ವನೋ ರಂಗಕ್ಕೆ ಬರುವಾಗ ಉಟ್ಟಿರುವುದು ದೊಡ್ಡ ಚೌಕಳಿಯ ಕಸೆ ಸೀರೆ. ತಲೆಯ ಮೇಲೆ ಜರಿಯ ಪಟ್ಟಿ ಸುತ್ತಿದ ಮುಂಡಾಸು. ಕೆಂಪು, ಹಳದಿ, ಕಪ್ಪು, ಮಿಂಚು ಎಲ್ಲ ಒಟ್ಟಿಗೆ ಕುಣಿಯುತ್ತವೆ. ರಾತ್ರಿಯಿಡೀ ಆಟ ನೋಡಿದ ನಮ್ಮ ಕಡೆಯವರು, ಸಾಗರದ ಸುತ್ತಿನವರು, ಸುಧನ್ವನ ಮೇಲಿಗೂ ಕೆಳಗಿಗೂ ಮ್ಯಾಚಿಂಗ್ ಇಲ್ಲ ಎಂದು ದೂರಿದ್ದನ್ನು ನಾನು ಕೇಳಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಗಂಡಸರು ಹೂವು, ಜರಿ, ಬಣ್ಣಗಳನ್ನು ಬಿಟ್ಟು ಕಪ್ಪು ಕಂದು ಬಟ್ಟೆಗಳಿಗೆ ತಿರುಗಿದರು. ಫ್ಲೂಗೆಲ್ ಎಂಬ ಮನಃಶಾಸ್ತ್ರಜ್ಞ 1930ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಗಂಡಸರ ಮಹಾತ್ಯಾಗ ಎಂದು ಕರೆದಿದ್ದಾನೆ. ಇರಲಿ, ಒಂದಾದರೂ ಮಾಡಿದರಲ್ಲ. ಕಚೇರಿ, ಕೋರ್ಟು, ಬ್ಯಾಂಕುಗಳ ಲೋಕದಲ್ಲಿ ಕೆಲಸವೇ ಭೂಷಣ, ಉಡುಪು ಸರಳವಾಗಿರಬೇಕು ಎಂಬ ಭಾವನೆ ಬೆಳೆಯಿತು. ಇಂಗ್ಲಿಷರ ಜೊತೆ ಆ ಉಡುಪು ನಮ್ಮ ಕಚೇರಿಗಳಿಗೂ ಬಂತು. ಅಲಂಕಾರದ ಭಾರವೆಲ್ಲ ಹೆಂಗಸರ ಮೈಮೇಲೆ ಬಿತ್ತು. ಗಂಡಸಿಗೆ ಒಂದು ಗೆರೆಯೋ ಒಂದು ಚೌಕಳಿಯೋ ಉಳಿಯಿತು. ಎರಡನ್ನೂ ಒಟ್ಟಿಗೆ ಬಯಸಿದರೆ ಅವನಿಗೆ ಗಾಂಭೀರ್ಯ ಇಲ್ಲ.

ಗೆರೆಯ ಬಗ್ಗೆ ಜಗತ್ತಿನಲ್ಲಿ ಇನ್ನೂ ವಿಚಿತ್ರವಾದ ಭಯಗಳಿದ್ದವು. 1254ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಧರ್ಮಯುದ್ಧದಿಂದ ಹಿಂದಿರುಗುವಾಗ ಕಾರ್ಮೆಲೈಟ್ ಪಂಥದ ಕೆಲವು ಸಂನ್ಯಾಸಿಗಳನ್ನು ಪ್ಯಾರಿಸ್ಸಿಗೆ ಕರೆತಂದ. ಅವರು ಹೊದ್ದದ್ದು ಪಟ್ಟೆಪಟ್ಟೆಯ ನಿಲುವಂಗಿ. ಊರ ಜನ ಬೀದಿಯಲ್ಲಿ ಅವರನ್ನು ಹಿಡಿದು ಹಾಸ್ಯ ಮಾಡಿದರು. ಆ ಕಾಲದ ಯುರೋಪಿನಲ್ಲಿ ಪಟ್ಟೆ ಬಟ್ಟೆ ಎಂದರೆ ವಿದೂಷಕರು, ವೇಶ್ಯೆಯರು, ಸಮಾಜದ ಹೊರಗಿನವರು ತೊಡುವುದು ಎಂಬ ಎಣಿಕೆ ಇತ್ತು. ಹಾಸ್ಯ ತಡೆಯಲಾರದೆ 1287ರಲ್ಲಿ ಆ ಪಂಥದವರು ಬಿಳಿಯ ನಿಲುವಂಗಿಗೆ ಬದಲಾಯಿಸಿಕೊಂಡರು. ದೇವರ ಧ್ಯಾನಕ್ಕೆ ಪಟ್ಟೆ ಅಡ್ಡಿಯಾಗಿರಲಿಲ್ಲ. ಬೀದಿಯ ನಗೆ ಅಡ್ಡಿಯಾಯಿತು.

ನಗುವವರು ಯಾರನ್ನು ನೋಡಿ ನಗುವುದಿಲ್ಲ ಎಂಬುದನ್ನೂ ನೋಡಬೇಕು. 1936ರಲ್ಲಿ ಒಂದು ವರ್ಷವೂ ತುಂಬದಷ್ಟು ಕಾಲ ಇಂಗ್ಲೆಂಡಿನ ದೊರೆಯಾಗಿದ್ದು, ಮೆಚ್ಚಿದ ಹೆಣ್ಣಿಗಾಗಿ ಪಟ್ಟ ಬಿಟ್ಟ ಎಂಟನೆಯ ಎಡ್ವರ್ಡನ ಕಥೆ ನಿಮಗೆ ಗೊತ್ತಿದೆ. ಯುವರಾಜನಾಗಿದ್ದಾಗ, 1921-22ರ ಪ್ರವಾಸದಲ್ಲಿ, ನಮ್ಮ ಮೈಸೂರಿಗೂ ಬಂದು ಹೋದವನು. ಪಟ್ಟ ಬಿಟ್ಟ ಮೇಲೆ ವಿಂಡ್ಸರಿನ ಡ್ಯೂಕ್ ಎನಿಸಿಕೊಂಡು ಫ್ರಾನ್ಸಿನಲ್ಲಿ ನೆಲೆಸಿದ. ಚೌಕಳಿ ಸೂಟು, ಅದರೊಳಗೆ ಗೆರೆಯ ಅಂಗಿ, ಕೊರಳಿಗೆ ಮತ್ತೊಂದೇ ಬಗೆಯ ಟೈ, ಹೀಗೆ ಒಂದರ ಮೇಲೊಂದು ವಿನ್ಯಾಸ ತೊಡುವುದರಲ್ಲಿ ಅವನು ಹೆಸರಾದವನು. ಜನ ನಕ್ಕರೇ? ಜಗತ್ತಿನಲ್ಲೇ ಸೊಗಸಾಗಿ ಉಡುವ ಗಂಡಸರಲ್ಲಿ ಒಬ್ಬ ಎಂದರು. ಇವತ್ತಿಗೂ ಗಂಡಸರ ಉಡುಪಿನ ಬಗ್ಗೆ ಬರೆಯುವವರು ಅವನ ಪಟಗಳನ್ನು ಮುಂದಿಟ್ಟುಕೊಂಡು ಪಾಠ ಹೇಳುತ್ತಾರೆ. 1960ರಲ್ಲಿ ತನ್ನ ಮನೆತನದ ಉಡುಪುಗಳ ಬಗ್ಗೆ ಅವನು ಒಂದು ಪುಸ್ತಕವನ್ನೇ ಬರೆದ. ಅವನಿಗೆ ಕಣ್ಣಿತ್ತು, ಅಳತೆಯ ಜ್ಞಾನವಿತ್ತು, ಒಳ್ಳೆಯ ದರ್ಜಿಗಳಿದ್ದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೌಕಳಿ ಲುಂಗಿಯನ್ನು ಎತ್ತಿ ಕಟ್ಟಿ, ಅದರ ಕೆಳಗೆ ಪಟಾಪಟಿ ಚಡ್ಡಿ ಇಣುಕುತ್ತಿದ್ದು, ಹೆಗಲ ಮೇಲೆ ಇನ್ನೊಂದು ಬಗೆಯ ಚೌಕಳಿ ಟವೆಲ್ಲು ಹಾಕಿಕೊಂಡು ಗದ್ದೆಗೆ ಹೊರಟ ನಮ್ಮ ರೈತ ಡ್ಯೂಕನಿಗಿಂತ ಯಾವ ವಿಷಯದಲ್ಲಿ ಕಡಿಮೆ? ಅವನ ಪಟ ತೆಗೆದು ಪಾಠ ಹೇಳಿದವರನ್ನು ನಾನು ಕಾಣೆ.

ಹುನಗುಂದದ ಕಡೆಯ ಶಾಲೆಯೊಂದರಲ್ಲಿ ಒಬ್ಬ ಜವಾನ ಇದ್ದ. ಆ ಕಡೆ ಸಿಪಾಯಿ ಎನ್ನುತ್ತಾರೆ. ಗಂಟೆ ಹೊಡೆಯುವುದರಿಂದ ಹಿಡಿದು ಮಕ್ಕಳ ಮೊಣಕಾಲಿನ ಗಾಯಕ್ಕೆ ಔಷಧ ಹಚ್ಚುವವರೆಗೆ ಎಲ್ಲವೂ ಅವನದೇ. ಜನವರಿಯ ಗ್ಯಾದರಿಂಗಿಗೆ ಅತಿಥಿಗಳು ಬರುವ ದಿನ ಅವನು ಮಿಂದು, ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯದನ್ನು ಹಾಕಿಕೊಂಡು ಬಂದಿದ್ದ. ಗೆರೆಯ ಪ್ಯಾಂಟು ನಿವೃತ್ತರಾದ ಹೆಡ್‌ಮಾಸ್ತರರು ಹೋಗುವಾಗ ಕೊಟ್ಟದ್ದು. ಚೌಕಳಿ ಅಂಗಿ ಶಾಲೆಯ ಹಿರಿಯರೊಬ್ಬರ ಮನೆಯಿಂದ ದೀಪಾವಳಿಗೆ ಬಂದದ್ದು. ಮೇಲಿನ ತೋಳಿಲ್ಲದ ಸ್ವೆಟರಿನಲ್ಲಿ ಹಸಿರು ಬಳ್ಳಿ, ಹಳದಿ ಹೂವು. ಅದನ್ನು ಯಾರು ಕೊಟ್ಟಿದ್ದರೋ. ಮೂರು ಮನೆಗಳ ಉಪಕಾರವನ್ನು ಅವನು ಒಟ್ಟಿಗೇ ತೊಟ್ಟಿದ್ದ ಎನ್ನಬಹುದು. ಸ್ಟಾಫ್‌ರೂಮಿನಲ್ಲಿ ನಗೆ ಎದ್ದಿತು. ಹಾರದ ತಟ್ಟೆ ಹಿಡಿದು ವೇದಿಕೆಗೆ ಬರುವುದು ಬೇಡ, ನೀರಿನ ಡ್ರಮ್ಮಿನ ಹತ್ತಿರ ನಿಂತಿರು, ಎಂದು ಅವನಿಗೆ ಅಪ್ಪಣೆಯಾಯಿತು. ಅಪ್ಪಣೆ ಮಾಡಿದವರು ಚೌಕಳಿ ಅಂಗಿ ಕೊಟ್ಟವರೇ.

ಅವನಿಗೆ ಬೇಸರವಾಯಿತೋ ಇಲ್ಲವೋ ಹೇಳಲಾರೆ. ಲೋಟ ತೊಳೆಯುತ್ತಾ, 'ಯಾವ ಅಂಗಿ ಆದ್ರೇನ್ರಿ ಅಕ್ಕಾರ, ಹರಿದಿಲ್ಲಲ್ರೀ' ಎಂದ. ಆ ವರ್ಷ ಹಾರದ ತಟ್ಟೆ ಹಿಡಿದದ್ದು ಏಳನೆಯ ತರಗತಿಯ ಹುಡುಗ.

ಔಚಿತ್ಯ ಎಂಬ ಮಾತನ್ನು ನಾವು ಕಾವ್ಯಮೀಮಾಂಸೆಯ ಪಾಠದಲ್ಲಿ ಓದುತ್ತೇವೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅದರ ಮೇಲೆಯೇ ಒಂದು ಗ್ರಂಥ ಬರೆದ. ಔಚಿತ್ಯ ಎಂದರೇನು ಎಂದು ತಿಳಿಸಲು ಅವನು ಎತ್ತಿಕೊಂಡ ಉದಾಹರಣೆ ಉಡುಗೆತೊಡುಗೆಯದೇ: ಸೊಂಟದ ಡಾಬನ್ನು ಕೊರಳಿಗೆ, ಕೊರಳಿನ ಹಾರವನ್ನು ಸೊಂಟಕ್ಕೆ, ಕಾಲಿನ ಅಂದುಗೆಯನ್ನು ಕೈಗೆ ತೊಟ್ಟರೆ ನಗೆಪಾಟಲಾಗದೆ ಇರುತ್ತದೆಯೇ ಎಂದು ಕೇಳುತ್ತಾನೆ. ಕಾಲೇಜಿನಲ್ಲಿ ಓದುವಾಗ ನಾವು ಹುಡುಗಿಯರು ಇಲ್ಲಿಯವರೆಗೆ ನಕ್ಕು ಮುಂದಿನದನ್ನು ಬಾಯಿಪಾಠ ಮಾಡಿ ಬಿಟ್ಟಿದ್ದೆವು. ಮುಂದಿನದು ಏನು? ಶರಣಾಗಿ ತಲೆಬಾಗಿದವನ ಮೇಲೆ ತೋರಿಸುವ ಶೌರ್ಯವನ್ನೂ ಕ್ಷೇಮೇಂದ್ರ ಅದೇ ಶ್ಲೋಕದಲ್ಲಿ, ಅದೇ ನಗೆಪಾಟಲಿನ ಸಾಲಿನಲ್ಲಿ ಸೇರಿಸಿದ್ದಾನೆ. ಸೊಂಟಕ್ಕೆ ಕೊರಳ ಹಾರ ಹೇಗೆ ಹೊಂದದೋ, ಬಾಗಿದವನ ಮುಂದೆ ಪೌರುಷವೂ ಹಾಗೆಯೇ ಹೊಂದದು. ಆ ದಿನದ ಗ್ಯಾದರಿಂಗಿನಲ್ಲಿ ಯಾವುದರ ಜೊತೆ ಯಾವುದು ಹೊಂದಿರಲಿಲ್ಲ ಎಂಬುದನ್ನು ಒಂಬೈನೂರು ವರ್ಷಗಳ ಹಿಂದೆಯೇ ಒಬ್ಬ ಪಂಡಿತ ಬರೆದಿಟ್ಟಿದ್ದ. ನಾವು ಮಾತ್ರ ಪ್ಯಾಂಟನ್ನು ನೋಡುತ್ತಿದ್ದೆವು.

ಹಾಗೆಂದು, ಯಾರು ಏನು ಉಟ್ಟರೂ ಸರಿ, ಒಪ್ಪ ಓರಣ ಬೇಡವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಮಗನ ಅಂಗಿಯನ್ನು ನೋಡಿ 'ಇದು ಚೆನ್ನಾಗಿಲ್ಲ ಕಣೋ' ಎಂದು ತಾಯಿ ಹೇಳದೆ ಇನ್ನಾರು ಹೇಳಬೇಕು? ಅವನು ಕೇಳುವುದಿಲ್ಲ, ಅದು ಬೇರೆ ಮಾತು. ಈಗಿನ ಹುಡುಗರು ಹೂವಿನ ಅಂಗಿ ಚೌಕಳಿ ಪ್ಯಾಂಟುಗಳನ್ನು ಬೇಕೆಂದೇ, ದುಬಾರಿ ಬೆಲೆ ಕೊಟ್ಟು, ಕೂಡಿಸಿ ಹಾಕುತ್ತಾರೆ. ಅದಕ್ಕೆ ಫ್ಯಾಷನ್ ಎಂಬ ಹೆಸರಿದೆ. ಮನೆಯವರು ಒಬ್ಬರಿಗೊಬ್ಬರು ಹೇಳುವ ಮಾತಿನಲ್ಲಿ ಪ್ರೀತಿ ಇರುತ್ತದೆ; ಕೆಲವೊಮ್ಮೆ ಬರೀ ಅಂಜಿಕೆಯೂ ಇರುತ್ತದೆ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಊರಿನಲ್ಲಿ ಯಾರೂ ಇವರನ್ನು ನೋಡುವುದಿಲ್ಲ ಎಂದಾದರೆ ಆಗಲೂ ನಾನು ಈ ಅಂಗಿ ಬದಲಿಸು ಎನ್ನುತ್ತಿದ್ದೆನೇ, ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ. ಚಳಿಗೆ ತೆಳು ಅಂಗಿ ಹಾಕಿದ್ದರೆ ಹೌದು. ಗೆರೆಯ ಮೇಲೆ ಚೌಕಳಿ ಬಂದಿದ್ದರೆ, ಬಹುಶಃ ಇಲ್ಲ.

ಹೆಂಡತಿ ತೀರಿಕೊಂಡ ಗಂಡಸನ್ನು ಉಡುಪಿನಿಂದಲೇ ಗುರುತಿಸಬಹುದು ಎಂದು ನಮ್ಮ ಕಡೆ ಹಳಬರು ಹೇಳುವುದುಂಟು. ಕ್ರೂರವಾದ ಮಾತು, ಆದರೆ ಅದರಲ್ಲಿ ಹೆಂಗಸರು ಗಮನಿಸಬೇಕಾದ ಒಂದು ಸತ್ಯವೂ ಇದೆ. ಇದಕ್ಕೆ ಇದು ಎಂದು ಜೋಡಿಸಿಡುವ ಕೆಲಸ ಇದ್ದಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ; ಅದು ನಿಂತ ಮಾರನೆಯ ದಿನ ಇಡೀ ಬೀದಿಗೆ ಕಾಣುತ್ತದೆ.

ನನ್ನ ಚಿಕ್ಕಮ್ಮ ಹೋಗಿ ಎರಡು ವರ್ಷವಾಯಿತು. ಚಿಕ್ಕಪ್ಪ ಒಬ್ಬರೇ ಇದ್ದಾರೆ. ಮಗಳು ಬೆಂಗಳೂರಿನಿಂದ ಬಂದಾಗ ಅಪ್ಪನ ಬೀರುವನ್ನು ತೆಗೆದು, ಪ್ರತಿ ಪ್ಯಾಂಟಿನ ಜೊತೆ ಅದಕ್ಕೊಪ್ಪುವ ಅಂಗಿಯನ್ನು ಒಂದೇ ಹ್ಯಾಂಗರಿಗೆ ಹಾಕಿ ಇಟ್ಟಳು. 'ಅಪ್ಪಯ್ಯ, ಒಂದೊಂದೇ ಹ್ಯಾಂಗರ್ ತಗೊಂಡ್ರೆ ಆಯ್ತು, ಯೋಚನೆ ಮಾಡೋದೇ ಬೇಡ' ಎಂದಳು. ಅವರು ತಲೆಯಾಡಿಸಿದರು. ಬೆಳಗ್ಗೆ ನೋಡಿದರೆ ಎರಡು ಹ್ಯಾಂಗರುಗಳಿಂದ ಒಂದೊಂದನ್ನು ತೆಗೆದು ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದಾರೆ: ನೀಲಿ ಗೆರೆಯ ಅಂಗಿ, ಕಂದು ಚೌಕಳಿ ಪ್ಯಾಂಟು. ನಾನೂ ಅಲ್ಲೇ ಇದ್ದೆ. ಮಗಳು ಸ್ವಲ್ಪ ಸಿಟ್ಟಿನಿಂದಲೇ, 'ಇದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಉಂಟಾ ಅಪ್ಪಯ್ಯ?' ಎಂದಳು.

'ಎರಡೂ ಅವಳೇ ತಂದದ್ದು ಕಣೇ' ಎಂದರು ಚಿಕ್ಕಪ್ಪ.

ಮಗಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಅಂಗಿಯ ಮೂರನೆಯ ಗುಂಡಿ ಬಿದ್ದುಹೋಗಿತ್ತು. ಸೂಜಿ ದಾರ ತಂದು, ಅವರು ಕುಳಿತಲ್ಲಿಯೇ ಗುಂಡಿ ಹೊಲಿದು, ದಾರವನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಅವರು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟರು.